ಯಾರ ಪೈಕಿ ಕೀಬೋರ್ಡು?

ನಳಿನಾಕ್ಷಿಯ ಕಂಪ್ಯೂಟರಿಗೆ ವಯಸ್ಸಾಗಿತ್ತು. ಹಳೆಯ ಕಂಪ್ಯೂಟರುಗಳೆಲ್ಲ ಹಾಗೇ; ಮನೆಯವರ ದನಿಯಲ್ಲೇ ಮಾತಾಡುತ್ತವೆ, ತಾವು ಒಪ್ಪದ ಬಿಡಿಭಾಗವನ್ನು ಹಾಕಿಸಿಕೊಳ್ಳುವುದಿಲ್ಲ. ಅದಕ್ಕೆ ಹೊಂದುವ ಕೀಬೋರ್ಡು ಇಡೀ ದಾವಣಗೆರೆಯಲ್ಲಿ ಉಳಿದಿದ್ದದ್ದು ಮೈಲಾರಪ್ಪನ ಅಂಗಡಿಯಲ್ಲಿ ಮಾತ್ರ. ಅದೂ ಕೂರದಿದ್ದರೆ ಕಂಪ್ಯೂಟರು ಗುಜರಿಗೆ ಹೋಗುತ್ತಿತ್ತು, ತೀರಿಹೋದ ಗಂಡ ಅದರೊಳಗೆ ಹಾಡಿಟ್ಟ ಹಾಡುಗಳ ಸಮೇತ.

"ಚಹಾ ತಗೊಳ್ಳಿ ಮೇಡಂ," ಎಂದ ಮೈಲಾರಪ್ಪ, ಅವಳು ಅಂಗಡಿಗೆ ತಂದ ಕಂಪ್ಯೂಟರನ್ನು ಮೇಜಿನ ಮೇಲಿಟ್ಟುಕೊಳ್ಳುತ್ತ.

"ಬೇಡಪ್ಪ, ಈಗ ತಾನೇ ಕುಡಿದು ಬಂದೆ," ಎಂದಳು ನಳಿನಾಕ್ಷಿ, ಎಂದಿನಂತೆ.

ಅವನು ಲೋಟವನ್ನು ಅವಳ ಮುಂದೆಯೇ ಇಟ್ಟು ಕೀಬೋರ್ಡು ಜೋಡಿಸಿದ.

"ಚೆನ್ನಾಗಿದೆ," ಎಂದಿತು ಕಂಪ್ಯೂಟರು, ನಳಿನಾಕ್ಷಿಯದೇ ನಯವಾದ ದನಿಯಲ್ಲಿ. "ಯಾರ ಮನೆಯದು?"

"ನಮ್ಮನೇದೇ ಅಜ್ಜಿ," ಎಂದ ಮೈಲಾರಪ್ಪ ಆ ಹಳೆಯ ಕಂಪ್ಯೂಟರಿಗೆ. "ನನ್ನ ಮಗಳು ಬಳಸ್ತಿದ್ಲು."

"ಹಾಗಲ್ಲಪ್ಪ, ನೀವು ಯಾರ ಪೈಕಿ?"

ಮೈಲಾರಪ್ಪನ ಕೈ ನಿಂತಿತು.

"ಅದೆಲ್ಲ ನಮ್ಮತ್ತೆ ಕಲಿಸಿದ್ದು," ಎಂದಳು ನಳಿನಾಕ್ಷಿ ಗಡಿಬಿಡಿಯಿಂದ. "ಅವರು ಹಳೇ ಕಾಲದವರು."

"ಅತ್ತೆ ನನ್ನನ್ನ ಮುಟ್ಟಿದ್ದೇ ಇಲ್ವಲ್ಲ," ಎಂದಿತು ಕಂಪ್ಯೂಟರು. "ಮೇಲಿನ ಮನೆ ಬಾಡಿಗೆಗೆ ಕೇಳ್ಕೊಂಡು ಬಂದೋರನ್ನ ನೀನು ವಿಚಾರಿಸೋದು ಹೀಗೇ ಅಲ್ವಾ?"

ಮೈಲಾರಪ್ಪ ನಕ್ಕ. "ನಮ್ಮ ಪೈಕಿಯೋರ ಕೀಬೋರ್ಡಲ್ಲೂ ಅದೇ ಅ ಆ ಇ ಈ ಇರೋದು ಅಜ್ಜಿ. ಹಾಕ್ಕೊಳ್ತೀಯೋ, ಬಿಚ್ಚಲೋ?"

"ಆಗಲಿ, ಇರಲಿ," ಎಂದಿತು ಅದು.

ನಳಿನಾಕ್ಷಿಗೆ ತಲೆ ಎತ್ತಲಾಗಲಿಲ್ಲ. ಎದುರಿಗಿದ್ದ ಚಹಾ ಆರಿ ಕೆನೆಗಟ್ಟಿತ್ತು. ಅವಳು ಲೋಟ ಎತ್ತಿ ತುಟಿಯ ಬಳಿಗೆ ತಂದಳು.

"ಬೇಡಪ್ಪ," ಎಂದಿತು ಕಂಪ್ಯೂಟರು ಅವಳ ದನಿಯಲ್ಲಿ, "ಈಗ ತಾನೇ ಕುಡಿದು ಬಂದೆ."