ಕೋವಿಯ ಹೇಳಿಕೆ

ಕೋವಿಯನ್ನು ಬೇರೆ ರಾಜ್ಯಕ್ಕೆ ಪಾರ್ಸೆಲ್ ಮಾಡಬೇಕಾದರೆ ಕಾರಣವನ್ನು ಕೋವಿಯೇ ಹೇಳಬೇಕು. ಮಾಲೀಕರ ಮಾತು ನಡೆಯದು. ಕೊಡಗಿನ ಪಾರ್ಸೆಲ್ ಕಚೇರಿಯಲ್ಲಿ ದೇಚಮ್ಮ ಮನೆತನದ ಕೋವಿಯನ್ನು ಮೇಜಿನ ಮೇಲಿಟ್ಟಳು. ಬೆಳಿಗ್ಗೆಯಷ್ಟೇ ಅಜ್ಜಿಯಾದವಳಿಗೆ ಸಂಭ್ರಮದಲ್ಲಿ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

“ಕೇರಳಕ್ಕೆ ಯಾಕೆ?” ಗುಮಾಸ್ತ ಕೋವಿಯನ್ನು ಕೇಳಿದ.

“ಅಲ್ಲಿ ಇವಳ ಮಗಳಿಗೆ ಹೆರಿಗೆಯಾಗಿದೆ. ಗುಂಡು ಹಾರಿಸಿ ಊರಿಗೆ ತಿಳಿಸ್ಬೇಕು.”

“ಖುಷಿಗೆ ಎರಡು ಗುಂಡು ಅಂತ ಬರೀಲಾ?”

“ಬೇಡಪ್ಪ, ಎರಡು ಹಾರಿಸೋದು ಸಾವಿಗೆ. ಒಂದು ಸಾಕು.”

“ಗಂಡು ಮಗು ತಾನೇ?”

ದೇಚಮ್ಮ ಕೋವಿಯತ್ತ ನೋಡಿದಳು. ಹುಟ್ಟಿನ ಗುಂಡನ್ನು ಆ ಕೋವಿ ಇದುವರೆಗೆ ಗಂಡುಮಕ್ಕಳಿಗಷ್ಟೇ ಹಾರಿಸಿತ್ತು.

“ಹೆಣ್ಣು,” ಎಂದಿತು ಕೋವಿ. “ಇನ್ನೊಂದು ಮಾತು ಸಾರ್. ಹೊರಡೋ ಮುಂಚೆ ನಿಮ್ಮ ಅಂಗಳದಲ್ಲಿ ಒಂದು ಹಾರಿಸ್ಲಾ? ನಮ್ಮ ದೇಚು ಹುಟ್ಟಿದಾಗ ನನ್ನನ್ನ ಯಾರೂ ಗೋಡೆಯಿಂದ ಇಳಿಸ್ಲೇ ಇಲ್ಲ.”