ಮದುವೆಯ ಹಾಡು

ಯುದ್ಧಕ್ಕೆಂದು ಸರ್ಕಾರ ಎತ್ತುವ ಸಾಲದ ಬಾಂಡು ಕೊಳ್ಳಿರೆಂದು ಸಾರುವ ಮೂಕಚಿತ್ರದಲ್ಲಿ ಕೋಡಂಗಿ ಹುಡುಗಿಯ ಬೆರಳಿಗೆ ಉಂಗುರ ತೊಡಿಸಿದ್ದೇ ತಡ, ಪರದೆಯ ಪಕ್ಕ ಕೂತು ಚಿತ್ರಕ್ಕೆ ಪಿಯಾನೋ ನುಡಿಸುತ್ತಿದ್ದ ಒಟಿಲಿಯ ಕೈ ತಾನಾಗಿಯೇ ಮದುವೆಯ ಹಾಡಿಗೆ ಹೊರಳಿತು. ಅಮೆರಿಕದ ಅಯೋವಾದ ಆ ಊರಿನ ಎಲ್ಲ ಮದುವೆಗೂ ಅವಳು ನುಡಿಸಿದ್ದು ಅದನ್ನೇ. ಅದು ಶತ್ರು ದೊರೆ ಕೈಸರನ ಜರ್ಮನಿಯವನು ಕಟ್ಟಿದ ಹಾಡೆಂದು ನೆನಪಾಗುವಷ್ಟರಲ್ಲಿ ಜನರ ನಗು ನಿಂತಿತ್ತು. ಪರದೆಯ ಮೇಲೆ ಕೋಡಂಗಿ ಮಾತ್ರ ಬೀಳುತ್ತ ಏಳುತ್ತ ಇದ್ದ.

ಬಾಂಡು ಮಾರಲು ಬಂದಿದ್ದ ಪ್ರೂಯಿಟ್ ಅವಳ ಪಕ್ಕಕ್ಕೆ ಬಂದು ನಿಂತ. "ನಮ್ ಹುಡುಗರು ಅಲ್ಲಿ ಸಾಯ್ತಿದಾರೆ. ನೀವಿಲ್ಲಿ ಕೈಸರನ ಕಡೆಯೋರ ಹಾಡು ನುಡಿಸ್ತಿದೀರಲ್ಲ, ಒಟಿಲಿಯಮ್ಮ."

"ಕೈ ರೂಢಿ, ಸಾರ್. ಬೇಕಂತ ಅಲ್ಲ."

"ನಿಮ್ಮಪ್ಪನೂ ಜರ್ಮನಿಯಿಂದ ಬಂದೋರೇ ಅಲ್ವಾ?" ಅವನು ಪಿಯಾನೋ ಮೇಲೆ ಅರ್ಜಿ ಇಟ್ಟ. "ಇನ್ನೊಂದು ಬಾಂಡಿಗೆ ಸಹಿ ಹಾಕ್ಬಿಡಿ. ಜನ ಮರೀತಾರೆ."

"ಆಗಲೇ ಎರಡು ತಗೊಂಡಿದೀನಿ."

"ಹಾಗಾದ್ರೆ ಅಭ್ಯಾಸ ಆಗಿದೆ."

ಮುಂದಿನ ಸಾಲಿನಲ್ಲಿ ಅವನ ಹೆಂಡತಿ ಬ್ಯೂಲಾ ಕೂತಿದ್ದಳು. ಎರಡು ವರ್ಷದ ಹಿಂದೆ ಇದೇ ಹಾಡಿಗೆ ಹೆಜ್ಜೆಯಿಟ್ಟು ಅವಳು ಪ್ರೂಯಿಟ್‌ನ ಕೈ ಹಿಡಿದಿದ್ದಳು. ಕಣ್ಣೊರೆಸಿಕೊಂಡು ಇನ್ನೊಮ್ಮೆ ನುಡಿಸಿ ಎಂದಿದ್ದಳು. ಒಟಿಲಿ ಅವಳತ್ತ ನೋಡಿದಳು. ಬ್ಯೂಲಾ ಮಡಿಲಲ್ಲಿದ್ದ ಕೈಗವಸನ್ನು ಉಂಗುರದ ಮೇಲೆಯೇ ಎಳೆದುಕೊಂಡಳು.

ಒಟಿಲಿ ಸಹಿ ಹಾಕಿದಳು. ಮೊದಲ ಚಪ್ಪಾಳೆ ಮುಂದಿನ ಸಾಲಿನಿಂದಲೇ ಬಂತು, ಕೈಗವಸಿನ ಮೆತ್ತನೆಯ ಚಪ್ಪಾಳೆ.