ಖಾಲಿ ಸೀಟಿನ ತಂಪು

ಏಪ್ರಿಲ್ ಬಂತೆಂದರೆ, ಬಯಲಿನ ಬಿಸಿಲು ತಾಳದ ಆರು ವರ್ಷದೊಳಗಿನ ಮಕ್ಕಳನ್ನೆಲ್ಲ ಬೆಟ್ಟದ ಶಿಬಿರಕ್ಕೆ ಬಿಟ್ಟುಬರಬೇಕು. ಕರೆತರುವುದು ಮಳೆ ಹಿಡಿದ ಮೇಲೆಯೇ. ಕಾರಿನ ತಂಪು ಮಗು ಕೂರುವ ಹಿಂದಿನ ಗಾಜಿನ ಗೂಡಿಗಷ್ಟೇ ಸಾಲುತ್ತಿತ್ತು. ವಾರಿಜ ತಲೆಗೆ ಒದ್ದೆ ಬೈರಾಸು ಸುತ್ತಿಕೊಂಡು ಮುಂದೆ ಕೂತು ಓಡಿಸಿದ್ದಳು.

ಹೋಗುವಾಗ, ಕಾರು ನಿಂತಲ್ಲೆಲ್ಲ ನಾಲ್ಕು ವರ್ಷದ ಪ್ರಾಪ್ತಿ ಒಳಗಿನಿಂದ ಗಾಜಿನ ಮೇಲೆ ಬೆರಳಾಡಿಸುತ್ತಿದ್ದಳು. ಒಳಗಿನ ತಂಪಿಗೆ ಗೂಡಿನ ಹೊರಬದಿಗೆ ಕಟ್ಟಿದ ಮಂಜಿನಲ್ಲಿ ಆ ಬೆರಳನ್ನೇ ಹಿಂಬಾಲಿಸಿ ವಾರಿಜ ಗೆರೆ ಎಳೆಯುತ್ತಿದ್ದಳು. ಹಾಗೆ ಒಂದು ಬೆಕ್ಕು ಮೂಡಿತ್ತು, ಒಂದೇ ಕಡೆ ಮೀಸೆಯದು.

"ಇನ್ನೊಂದು ಮೀಸೆ ವಾಪಸ್ ಬರುವಾಗ ಬಿಡಿಸುವ ಅಮ್ಮ," ಎಂದಿದ್ದಳು ಮಗಳು. ಬರುವಾಗ ನೀನಿರುವುದಿಲ್ಲ ಎನ್ನಲು ವಾರಿಜಳಿಗೆ ಬಾಯಿ ಬಂದಿರಲಿಲ್ಲ.

ಈಗ, ಮಗಳನ್ನು ಬಿಟ್ಟು ಮರಳುವಾಗ, ಘಾಟಿಯ ಬುಡದ ಚೆಕ್‌ಪೋಸ್ಟಿನಲ್ಲಿ ಕಾವಲಿನ ಹೆಂಗಸು ಹಿಂದಿನ ಗೂಡಿನೊಳಕ್ಕೆ ಇಣುಕಿದಳು.

"ಖಾಲಿ ಸೀಟಿಗೆ ಶೆಕೆ ಆಗ್ತದಾ ಅಕ್ಕ? ತಂಪು ನಿಮ್ಮ ಕಡೆ ತಿರುಗಿಸಿ ಮಾರಾಯ್ರೆ, ಬೆಂದು ಹೋಗ್ತೀರಿ."

ವಾರಿಜ ಗುಂಡಿಯತ್ತ ಕೈ ಚಾಚಿದಳು. ತಂಪು ನಿಂತರೆ ಗಾಜಿನ ಮಂಜು ಆರಿಹೋಗುತ್ತದೆ. ಅವಳು ಕೈ ಹಿಂದೆಗೆದಳು.

"ಮನೆವರೆಗೆ ಇರಲಿ."

ಹೆಂಗಸಿನ ಕಣ್ಣು ಗಾಜಿನ ಬೆಕ್ಕಿನ ಮೇಲೆ ಬಿತ್ತು. ಅವಳು ವಾರಿಜಳ ತಲೆಯ ಒಣಗಿದ್ದ ಬೈರಾಸಿನ ಮೇಲೆ ಒಂದು ತಂಬಿಗೆ ನೀರು ಸುರಿದು, ಗೇಟು ಎತ್ತಿದಳು.